ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಷ್ಟು ದಿನ?

2025ರ ಮೇ ತಿಂಗಳವರೆಗೆ ನಮ್ಮ ಕಮತಗಿಯಲ್ಲಿ ಡ್ರೋನ್ ಎಂದರೆ ಎರಡೇ ಅರ್ಥ. ಒಂದು, ಮದುವೆಯಲ್ಲಿ ಮದುಮಗನ ತಲೆಯ ಮೇಲೆ ಗುಂಯ್ ಎಂದು ಸುತ್ತುವ ಕ್ಯಾಮೆರಾ. ಇನ್ನೊಂದು, ತೊಗರಿ ಹೊಲಕ್ಕೆ ಔಷಧಿ ಹೊಡೆಯುವ ಯಂತ್ರ. ಆ ತಿಂಗಳು ಮೂರನೆಯ ಅರ್ಥವೂ ಗೊತ್ತಾಯಿತು. ಚಹಾ ಅಂಗಡಿಯಲ್ಲಿ ಕೂತವರೆಲ್ಲ ವಾಯು ರಕ್ಷಣೆಯ ತಜ್ಞರಾದರು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ನಮ್ಮ ತರಗತಿಯಲ್ಲೂ ಅದೇ ಚರ್ಚೆ. ಬಹಳ ಜನರ ತೀರ್ಪು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: "ನಮ್ಮ ಹತ್ರ ಎಸ್-400 ಐತಿ, ಆಕಾಶ್ ಐತಿ. ಇನ್ನೇನು ಚಿಂತಿ?"

ಆ ಮಾತಿಗೆ ನನ್ನ ತಕರಾರಿದೆ. ಕ್ಷಿಪಣಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ಅಗ್ಗ, ಎಷ್ಟು ಇವೆ, ಎಷ್ಟು ಬೇಗ ಮತ್ತೆ ತುಂಬಿಸಬಹುದು ಎನ್ನುವುದೇ ಇನ್ನು ಮುಂದಿನ ಪ್ರಶ್ನೆ. ಡ್ರೋನ್ ತಡೆಯುವುದು ಮೊದಲು ಲೆಕ್ಕದ ಕೆಲಸ, ಆಮೇಲೆ ಶೌರ್ಯದ ಕೆಲಸ.

ಲೆಕ್ಕವನ್ನು ಸರ್ಕಾರವೇ ಹೇಳಿದ ಸಂಖ್ಯೆಯಿಂದ ಆರಂಭಿಸೋಣ. ಮೇ 9ರ ಪತ್ರಿಕಾಗೋಷ್ಠಿಯಲ್ಲಿ ಕರ್ನಲ್ ಸೋಫಿಯಾ ಖುರೇಷಿ ಅವರು, ಹಿಂದಿನ ರಾತ್ರಿ ಪಾಕಿಸ್ತಾನವು 36 ಸ್ಥಳಗಳಲ್ಲಿ ಸುಮಾರು 300ರಿಂದ 400 ಡ್ರೋನ್‌ಗಳನ್ನು ಬಳಸಿ ಒಳನುಗ್ಗಲು ಯತ್ನಿಸಿತು ಎಂದು ತಿಳಿಸಿದರು. ಪ್ರಾಥಮಿಕ ತನಿಖೆಯ ಪ್ರಕಾರ ಅವು ಟರ್ಕಿಯ ಅಸಿಸ್‌ಗಾರ್ಡ್ ಕಂಪನಿಯ ಸೊಂಗಾರ್ ಡ್ರೋನ್‌ಗಳು. ಅವರು ಹೇಳಿದ ಇನ್ನೊಂದು ಮಾತು ಟಿವಿ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಅಷ್ಟೊಂದು ಡ್ರೋನ್ ಕಳಿಸಿದ ಉದ್ದೇಶ ಬಹುಶಃ ನಮ್ಮ ವಾಯು ರಕ್ಷಣಾ ವ್ಯವಸ್ಥೆಯನ್ನು ಪರೀಕ್ಷಿಸಿ ಮಾಹಿತಿ ಸಂಗ್ರಹಿಸುವುದು. ಅಂದರೆ ಬಂದ ಡ್ರೋನ್‌ಗಳಿಗೆ ಏನಾದರೂ ಒಡೆಯಲೇಬೇಕು ಎಂಬ ಹಟವಿರಲಿಲ್ಲ. ನಮ್ಮ ರೇಡಾರ್ ಎಲ್ಲಿದೆ, ಯಾವುದು ಮೊದಲು ಗುಂಡು ಹಾರಿಸುತ್ತದೆ, ಯಾವ ಮೂಲೆ ಖಾಲಿ ಇದೆ ಎಂದು ನೋಡಿಕೊಂಡರೆ ಅವುಗಳ ಕೆಲಸ ಮುಗಿಯಿತು. ಬಿದ್ದರೂ ಲಾಭವೇ.

(ಕರ್ನಲ್ ಅವರ ಪತಿಯ ಊರು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆ, ಗೋಕಾಕ ತಾಲ್ಲೂಕಿನ ಕೊಣ್ಣೂರು. ಅದೇ ವಾರ ಕೊಣ್ಣೂರಿನ ಅವರ ಮನೆ ಮೇಲೆ ದಾಳಿಯಾಯಿತು ಎಂಬ ಸುಳ್ಳು ಪೋಸ್ಟ್ ಹರಿದಾಡಿತು. ಬೆಳಗಾವಿ ಪೊಲೀಸರು ಅದು ಸುಳ್ಳು ಎಂದು ಸ್ಪಷ್ಟನೆ ಕೊಡಬೇಕಾಯಿತು, ಮನೆಗೆ ಕಾವಲೂ ಹಾಕಬೇಕಾಯಿತು. ಸುಳ್ಳು ಬರೆಯಲು ಒಬ್ಬನಿಗೆ ಒಂದು ನಿಮಿಷ, ಒಂದು ಮೊಬೈಲ್. ಅದನ್ನು ತಡೆಯಲು ಇಡೀ ಇಲಾಖೆ. ಡ್ರೋನಿನ ಗಣಿತವೂ ಇದೇ ಜಾತಿಯದು.)

ಈಗ ಆಕಾಶ್ ಕಡೆ ನೋಡೋಣ. ಲಾರಿಯ ಮೇಲೆ ಅಥವಾ ಟ್ಯಾಂಕಿನಂಥ ಚೈನು ಗಾಲಿಯ ವಾಹನದ ಮೇಲೆ ಮೂರು ಕ್ಷಿಪಣಿ ಹೊತ್ತು ನಿಲ್ಲುವ ಲಾಂಚರ್ ಅದರದು. ಒಂದು ಬ್ಯಾಟರಿಯಲ್ಲಿ ನಾಲ್ಕು ಲಾಂಚರ್, ಒಂದು ರಾಜೇಂದ್ರ ರೇಡಾರ್. ಒಟ್ಟು 12 ಕ್ಷಿಪಣಿ. ಪ್ರತಿಯೊಂದೂ ಸುಮಾರು 720 ಕೆ.ಜಿ. ತೂಕ. ಶಬ್ದದ ವೇಗದ ಎರಡೂವರೆ ಪಟ್ಟು ವೇಗದಲ್ಲಿ 25 ಕಿ.ಮೀ. ದೂರದ ಯುದ್ಧವಿಮಾನವನ್ನು ಹೊಡೆಯಲೆಂದು ಮಾಡಿದ್ದು. ಅದನ್ನು ನೋಡಿದರೆ ಯಾರಿಗಾದರೂ ಎದೆ ಉಬ್ಬುತ್ತದೆ, ನನಗೂ ಉಬ್ಬುತ್ತದೆ. ಆದರೆ ಸೊಂಗಾರ್ ಡ್ರೋನಿನ ತೂಕ ಬಂದೂಕು ಸಮೇತ ಸುಮಾರು 45 ಕೆ.ಜಿ. ಒಂದು ಕ್ಷಿಪಣಿಯ ತೂಕಕ್ಕೆ 16 ಡ್ರೋನ್. ಇನ್ನು 400 ಡ್ರೋನ್‌ಗೆ ತಲಾ ಒಂದೇ ಕ್ಷಿಪಣಿ, ಒಂದೂ ಗುರಿ ತಪ್ಪುವುದಿಲ್ಲ ಎಂದುಕೊಂಡರೂ 34 ಬ್ಯಾಟರಿಗಳು ಒಂದೇ ರಾತ್ರಿಯಲ್ಲಿ ಖಾಲಿ. ಮರುದಿನ ಬೆಳಿಗ್ಗೆ ನಿಜವಾದ ಯುದ್ಧವಿಮಾನ ಬಂದರೆ?

ಸೇನೆಯವರು ಹಾಗೆ ಮಾಡಲೂ ಇಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ಆ ರಾತ್ರಿಗಳಲ್ಲಿ ಹಳೆಯ ಎಲ್-70 ತೋಪುಗಳು, ಝಡ್‌ಯು-23 ತೋಪುಗಳು, ಶಿಲ್ಕಾ ವಾಹನಗಳು ಬಹಳ ಕೆಲಸ ಮಾಡಿದವು. ಎಲ್-70 ಎಂಬುದು ಸ್ವೀಡನ್ನಿನ ಬೋಫೋರ್ಸ್ ಮೂಲದ 40 ಮಿ.ಮೀ. ತೋಪು, ನಮ್ಮ ಅಜ್ಜಂದಿರ ಕಾಲದ್ದು. ಬೆಂಗಳೂರಿನ ಬಿಇಎಲ್ ಅದಕ್ಕೆ ಹೊಸ ಕಣ್ಣು, ಹೊಸ ಮೋಟಾರು ಕೂಡಿಸಿದೆ. ಸೇನೆಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಮ್ಮಂಥ ನೋಡುಗರಿಗೆ. ನಮಗೆ ದೊಡ್ಡ ಹೆಸರಿನ, ದೊಡ್ಡ ಬೆಂಕಿಯ ವಸ್ತುವೇ ಬೇಕು.

ಹೊಲಮನೆ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಬಿಳಿಜೋಳ ಹಾಲುಗಾಳಾದಾಗ ಹಕ್ಕಿ ಕಾಯುವವರು ಏನು ಮಾಡುತ್ತಾರೆ? ಮಂಚಿಕೆ ಮೇಲೆ ನಿಂತು ಮೊದಲು ಕೂಗುತ್ತಾರೆ, ಡಬ್ಬಿ ಬಡಿಯುತ್ತಾರೆ. ಅಷ್ಟಕ್ಕೂ ಬಂದು ಕೂತರೆ ಕವಣಿಯಲ್ಲಿ ಕಲ್ಲು ಬೀಸುತ್ತಾರೆ. ಕಲ್ಲಿಗೆ ರೊಕ್ಕ ಕೊಡಬೇಕಿಲ್ಲ, ಎಣಿಸಬೇಕಿಲ್ಲ. ಗುಬ್ಬಿ ಹಿಂಡಿಗೆ ಬಂದೂಕು ತಂದ ರೈತನನ್ನು ನಾನು ಕಂಡಿಲ್ಲ. ತಂದರೆ ಆ ವರ್ಷದ ಜೋಳ ಮಾರಿದ ರೊಕ್ಕ ತೋಟಾಕ್ಕೂ ಸಾಲದು. ಡ್ರೋನ್ ವಿಷಯದಲ್ಲಿ ಡಬ್ಬಿ ಬಡಿಯುವುದಕ್ಕೆ ಜಾಮರ್ ಎನ್ನುತ್ತಾರೆ: ಡ್ರೋನ್ ಮತ್ತು ಅದನ್ನು ನಡೆಸುವವನ ನಡುವಿನ ರೇಡಿಯೋ ಸಂಪರ್ಕವನ್ನೋ, ಅದರ ಜಿಪಿಎಸ್ಸನ್ನೋ ಗದ್ದಲದಲ್ಲಿ ಮುಳುಗಿಸುವುದು. ಕವಣಿಯ ಜಾಗದಲ್ಲಿ ತೋಪು ಮತ್ತು ಸಣ್ಣ ರಾಕೆಟ್. ಆಕಾಶ್, ಎಸ್-400 ಮನೆಯಲ್ಲಿರುವ ಬಂದೂಕು. ಅವು ಹುಲಿಗೆ.

ಇದಕ್ಕೆ ನಮ್ಮ ಗೆಳೆಯನೊಬ್ಬ ಒಳ್ಳೆಯ ಉತ್ತರ ಕೊಟ್ಟ. "ಡ್ರೋನಿನ ಬೆಲೆ ಯಾಕ ನೋಡ್ತಿ? ಅದು ಬೀಳೋ ಜಾಗದ ಬೆಲೆ ನೋಡು. ಕೆಳಗ ದವಾಖಾನಿ ಇದ್ದರ ಕೋಟಿ ರೂಪಾಯಿ ಕ್ಷಿಪಣಿನೂ ಅಗ್ಗಾನ." ಈ ವಾದವನ್ನು ತಳ್ಳಿಹಾಕಲು ಬರುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸೌದಿ ಅರೇಬಿಯಾದ ಅಬ್ಖೈಕ್ ಎಣ್ಣೆ ಘಟಕಕ್ಕೆ ಡ್ರೋನ್ ಮತ್ತು ಕ್ರೂಸ್ ಕ್ಷಿಪಣಿ ಬಡಿದಾಗ ಆ ದೇಶದ ಸುಮಾರು ಅರ್ಧದಷ್ಟು ತೈಲ ಉತ್ಪಾದನೆ ಕೆಲ ದಿನ ನಿಂತುಹೋಯಿತು. ಅಂಥದ್ದನ್ನು ಉಳಿಸಲು ಯಾವ ಕ್ಷಿಪಣಿಯೂ ದುಬಾರಿಯಲ್ಲ. ಆದರೆ ಗೆಳೆಯನ ವಾದ ಒಂದು ರಾತ್ರಿಗೆ ಸರಿ, ನೂರು ರಾತ್ರಿಗೆ ಅಲ್ಲ. ಉಕ್ರೇನ್ ಮೇಲೆ ರಷ್ಯಾ ಕಳಿಸುವ ಇರಾನ್ ಮೂಲದ ಶಾಹೆದ್ ಡ್ರೋನ್ ಒಂದರ ಬೆಲೆಯನ್ನು 20 ಸಾವಿರದಿಂದ 50 ಸಾವಿರ ಡಾಲರ್ ಎಂದು ಅಂದಾಜಿಸುತ್ತಾರೆ. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಹೊಸ ಕ್ಷಿಪಣಿ ಒಂದಕ್ಕೆ ಸುಮಾರು 40 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 30 ಕೋಟಿ ರೂಪಾಯಿಗೂ ಮೇಲೆ. ಒಂದು ತಯಾರಾಗಲು ಹಿಡಿಯುವ ಸಮಯ ಬೇರೆ. ಮಗ್ಗದ ಓಣಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಸೀರೆಗೆ ಬರುವ ರೊಕ್ಕಕ್ಕಿಂತ ನೂಲಿನ ರೇಟು ಹೆಚ್ಚಾದರೆ ಮೊದಲ ವಾರ ಸಾಲ ಮಾಡಿ ನೇಯಬಹುದು, ಎರಡನೇ ತಿಂಗಳು ಮಗ್ಗ ನಿಲ್ಲುತ್ತದೆ. ಎದುರಾಳಿ ಕಾಯುವುದು ಮಗ್ಗ ನಿಲ್ಲುವುದನ್ನೇ.

ಹಾಗಾದರೆ ಕವಣಿ ಎಲ್ಲಿದೆ? ಆ ಗದ್ದಲದ ವಾರದಲ್ಲೇ ಮೇ 13ರಂದು ಒಡಿಶಾದ ಗೋಪಾಲಪುರದಲ್ಲಿ ಭಾರ್ಗವಾಸ್ತ್ರ ಎಂಬ ವ್ಯವಸ್ಥೆಯ ಪರೀಕ್ಷೆ ನಡೆಯಿತು. ನಾಗಪುರದ ಸೋಲಾರ್ ಡಿಫೆನ್ಸ್ ಆ್ಯಂಡ್ ಏರೋಸ್ಪೇಸ್ ಕಂಪನಿ ಮಾಡಿದ್ದು. ವಾಹನದ ಮೇಲೆ ಕೂರಿಸಿದ ಲಾಂಚರ್, ಅದರೊಳಗೆ ಸಾಲುಸಾಲು ಪುಟ್ಟ ರಾಕೆಟ್‌ಗಳು. ಮೊದಲ ಪದರದ ರಾಕೆಟ್‌ಗಳಿಗೆ ಮಾರ್ಗದರ್ಶನವೇ ಇಲ್ಲ; ಹಾರಿ, ಸಿಡಿದು, ಸುತ್ತ ಸುಮಾರು 20 ಮೀಟರ್ ಒಳಗಿನ ಡ್ರೋನ್‌ಗಳನ್ನು ಕೆಡವುತ್ತವೆ. ತಪ್ಪಿಸಿಕೊಂಡದ್ದಕ್ಕೆ ಎರಡನೇ ಪದರದಲ್ಲಿ ಗುರಿ ಹಿಡಿಯುವ ಕಿರುಕ್ಷಿಪಣಿ. ಹೊಡೆಯುವ ದೂರ ಎರಡೂವರೆ ಕಿ.ಮೀ. ಅಷ್ಟೇ. ಆ ದಿನ ಹಾರಿಸಿದ್ದು ನಾಲ್ಕು ರಾಕೆಟ್. ಎರಡನ್ನು ಒಂದೊಂದಾಗಿ, ಉಳಿದೆರಡನ್ನು ಎರಡು ಸೆಕೆಂಡಿನೊಳಗೆ ಜೊತೆಯಾಗಿ. ಆ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂತು. ನನ್ನ ಮಟ್ಟಿಗೆ ಆ ತಿಂಗಳ ಮುಖ್ಯ ಸುದ್ದಿ ಅದೇ.

ಎರಡೂವರೆ ಕಿ.ಮೀ. ಕಡಿಮೆಯಾಯಿತಲ್ಲ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಿ. ಡ್ರೋನಿನ ವೇಗ ಗಂಟೆಗೆ 180 ಕಿ.ಮೀ. ಎಂದುಕೊಳ್ಳಿ, ಸೆಕೆಂಡಿಗೆ 50 ಮೀಟರ್. ಅದನ್ನು 6 ಕಿ.ಮೀ. ದೂರದಲ್ಲಿ ರೇಡಾರ್ ಕಂಡುಹಿಡಿದರೆ, ಎರಡೂವರೆ ಕಿ.ಮೀ. ಗಡಿಗೆ ಬರಲು ಅದಕ್ಕೆ 70 ಸೆಕೆಂಡ್ ಬೇಕು. ಅಲ್ಲಿಂದ ನಮ್ಮ ತಲೆ ಮೇಲೆ ಬರಲು ಇನ್ನೂ 50 ಸೆಕೆಂಡ್. ಈ ಎರಡು ನಿಮಿಷದೊಳಗೆ ಅದು ಹಕ್ಕಿಯೋ ಡ್ರೋನೋ, ನಮ್ಮದೋ ಪರರದೋ, ಯಾವ ಲಾಂಚರ್ ಹೊಡೆಯಬೇಕು ಎಂದು ತೀರ್ಮಾನವಾಗಬೇಕು. ಮನುಷ್ಯ ಫೋನ್ ಎತ್ತಿ ಕೇಳುವಷ್ಟು ಸಮಯವಿಲ್ಲ. ಅದಕ್ಕೇ ಆಕಾಶ್‌ತೀರ್ ಎಂಬ ಜಾಲ ಬೇಕಾಯಿತು. ಬೇರೆ ಬೇರೆ ರೇಡಾರ್‌ಗಳು ಕಂಡದ್ದನ್ನೆಲ್ಲ ಒಂದೇ ಚಿತ್ರಕ್ಕೆ ತಂದು, ಯಾರು ಹೊಡೆಯಬೇಕೆಂದು ಹಂಚುವುದು ಅದರ ಕೆಲಸ. 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿಗೆ ಬಿಇಎಲ್‌ಗೆ ಅದರ ಗುತ್ತಿಗೆ ಸಿಕ್ಕಿತ್ತು. ಸಿಡಿಯದ, ಹೊಗೆ ಬಿಡದ ವಸ್ತುವಾದ್ದರಿಂದ ಟಿವಿಯವರಿಗೆ ಅದನ್ನು ತೋರಿಸಲು ಬರಲಿಲ್ಲ.

ಇನ್ನು ವಾಹನವೇ ಏಕೆ? ಒಂದೇ ಕಡೆ ಕಟ್ಟೆ ಕಟ್ಟಿ ಕೂರಿಸಿದರೆ ಶತ್ರುವಿಗೆ ಅದರ ವಿಳಾಸ ಗೊತ್ತಾಗುತ್ತದೆ. ಕಳಿಸಿದ 400 ಡ್ರೋನ್ ಆ ವಿಳಾಸ ಹುಡುಕಲೆಂದೇ ಬಂದಿರಬಹುದು. ಜೊತೆಗೆ ಡ್ರೋನ್ ತಗ್ಗಿನಲ್ಲಿ ಹಾರುತ್ತದೆ. ಬಾದಾಮಿ ಗುಡ್ಡದ ಒಂದು ಮಗ್ಗುಲಲ್ಲಿ ನಿಂತವನಿಗೆ ಇನ್ನೊಂದು ಮಗ್ಗುಲಿನ ದನ ಕಾಣುವುದಿಲ್ಲ. ರೇಡಾರ್‌ಗೂ ಅಷ್ಟೇ, ಅದರ ಕಿರಣ ಗುಡ್ಡ ಬಳಸಿ ಹೋಗುವುದಿಲ್ಲ. ಹಾಗಾಗಿ ಇವತ್ತು ಇಲ್ಲಿ, ನಾಳೆ ಅಲ್ಲಿ ನಿಲ್ಲಬೇಕು. ಅಮೆರಿಕದವರು ಉಕ್ರೇನ್‌ಗೆ ಕೊಟ್ಟ ವ್ಯಾಂಪೈರ್ ಎಂಬುದನ್ನು ನೋಡಿದರೆ ನಗು ಬರುತ್ತದೆ. ನಮ್ಮ ಸಂತೆಗೆ ಉಳ್ಳಾಗಡ್ಡಿ ತರುವಂಥ ಪಿಕಪ್ ಗಾಡಿ, ಅದರ ಹಿಂದೆ ನಾಲ್ಕು ರಾಕೆಟ್ಟಿನ ಪೆಟ್ಟಿಗೆ, ಒಂದು ಕ್ಯಾಮೆರಾ. ರಾಕೆಟ್ ಹಳೆಯ ಮಾದರಿಯ 70 ಮಿ.ಮೀ. ರಾಕೆಟ್ಟೇ. ನಡುವೆ ಲೇಸರ್ ಬೆಳಕನ್ನು ಹಿಂಬಾಲಿಸುವ ಒಂದು ತುಂಡು ಸೇರಿಸಿದ್ದಾರೆ. ಹೊಸ ಕ್ಷಿಪಣಿ ಮಾಡುವ ಬದಲು ಗೋದಾಮಿನಲ್ಲಿದ್ದ ಸರಕಿಗೆ ಬುದ್ಧಿ ಕಲಿಸಿದ್ದು ಜಾಣತನ.

ಗಾಲಿ ಮೇಲೆ ರಾಕೆಟ್ ಎಂದಾಗ ಮೈಸೂರನ್ನು ನೆನೆಯದೆ ಇರಲಾರೆ. (ಟಿಪ್ಪು ಹೆಸರು ಕೇಳಿದ ಕೂಡಲೇ ಪರವೋ ವಿರೋಧವೋ ಎಂದು ತೋಳು ಏರಿಸುವವರು ದಯವಿಟ್ಟು ಎರಡು ನಿಮಿಷ ಕೂರಬೇಕು. ನನ್ನ ಮಾತು ಕಬ್ಬಿಣದ ಬಗ್ಗೆ ಮಾತ್ರ.) ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಕಾಗದ ಅಥವಾ ಬಿದಿರಿಗಿಂತ ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ, ಆದ್ದರಿಂದ ಹೆಚ್ಚು ದೂರ ಹೋಗುತ್ತದೆ. ಒಂದೊಂದು ರಾಕೆಟ್ಟಿನ ಗುರಿ ಅಷ್ಟಕ್ಕಷ್ಟೇ. ಆದರೆ ಅವರು ಒಂದೊಂದಾಗಿ ಬಿಡುತ್ತಿರಲಿಲ್ಲ, ಹಿಂಡು ಹಿಂಡಾಗಿ ಬಿಡುತ್ತಿದ್ದರು. ಗಾಲಿಯ ಬಂಡಿಗಳ ಮೇಲಿಂದ ಹಲವು ರಾಕೆಟ್‌ಗಳನ್ನು ಒಟ್ಟಿಗೆ ಹಾರಿಸುತ್ತಿದ್ದರೆಂದೂ ಇತಿಹಾಸಕಾರರು ಬರೆದಿದ್ದಾರೆ. 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತ ಕದನದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳೇ ಸಿಡಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು, ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯನ್ನು ಅಗೆದಾಗ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಒಂದೊಂದೂ ಗೇಣುದ್ದ. ಸಾವಿರ ಎಂಬ ಸಂಖ್ಯೆಯನ್ನು ಗಮನಿಸಿ. ಅಗ್ಗ, ಸರಳ, ಲೆಕ್ಕವಿಲ್ಲದಷ್ಟು: ಭಾರ್ಗವಾಸ್ತ್ರದ ಮೊದಲ ಪದರದ ಹಿಂದಿರುವುದೂ ಇದೇ ಯೋಚನೆ. ರಾಕೆಟ್ಟಿನ ಹಿರಿಮೆ ಹೇಳುವವರು ಗುಂಡು ಹಾರಿದ್ದನ್ನು ಮಾತ್ರ ಹೇಳುತ್ತಾರೆ. ಆ ಸಾವಿರ ಕೊಳವೆಗಳನ್ನು ಸುತ್ತಿ, ತುದಿ ಮುಚ್ಚಿ, ಮದ್ದು ತುಂಬಿದ ಕಮ್ಮಾರರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಲೇಸರ್ ಬಗ್ಗೆಯೂ ಕೆಲವರು ಕೇಳುತ್ತಾರೆ. 2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡಿಆರ್‌ಡಿಒ ವಾಹನದ ಮೇಲಿನ ಲೇಸರ್‌ನಿಂದ ಡ್ರೋನ್ ಕೆಡವಿ ತೋರಿಸಿತು. ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಕ್ಯೂಆರ್‌ಸ್ಯಾಮ್ ಕ್ಷಿಪಣಿ, ಅತಿ ಸಮೀಪದ ವಿಶೋರಾಡ್ಸ್ ಕ್ಷಿಪಣಿ ಮತ್ತು ಲೇಸರ್ ಮೂರೂ ಸೇರಿ ಒಂದೇ ಹೊತ್ತಿಗೆ ಮೂರು ಗುರಿಗಳನ್ನು ಬೇರೆ ಬೇರೆ ದೂರದಲ್ಲಿ ಹೊಡೆದವು. ಲೇಸರ್‌ಗೆ ತೋಟಾ ಮುಗಿಯುವ ಭಯವಿಲ್ಲ, ಆದರೆ ಮಂಜು, ಧೂಳು, ಮಳೆ ಅದರ ವೈರಿಗಳು. ನಮ್ಮ ಬೇಸಿಗೆಯ ಸುಂಟರಗಾಳಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಯಾವ ವ್ಯವಸ್ಥೆಯನ್ನೂ ಪೂರ್ತಿ ನಂಬಲು ನನಗಾಗುವುದಿಲ್ಲ. ಮೇ 9ರ ರಾತ್ರಿ ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆಯ ಮೇಲೆ ಡ್ರೋನ್ ಅವಶೇಷ ಬಿದ್ದು ಬೆಂಕಿ ಹತ್ತಿತು. ಒಂದೇ ಕುಟುಂಬದ ಮೂವರು ಸುಟ್ಟುಕೊಂಡರು. ಆ ಮನೆಯ ತಾಯಿ ಕೆಲ ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊಡೆದುರುಳಿಸಿದ್ದೇವೆ ಎಂದು ಟಿವಿಯಲ್ಲಿ ಚಪ್ಪಾಳೆ ಬೀಳುತ್ತಿದ್ದಾಗ ಉರುಳಿದ್ದು ಎಲ್ಲಿ ಬಿತ್ತು ಎಂದು ಯಾರೂ ಕೇಳಲಿಲ್ಲ. ಎಲ್ಲಿ ಹೊಡೆಯಬೇಕು ಎನ್ನುವುದೂ ರಕ್ಷಣೆಯ ಭಾಗ. ಊರಿನ ಹೊರಗೇ, ಹೊಲದ ಮೇಲೆಯೇ ಅದನ್ನು ಕೆಡವಬೇಕಾದರೆ ಲಾಂಚರ್ ಊರಿನಿಂದ ಮುಂದೆ ನಿಂತಿರಬೇಕು. ಎಲ್ಲ ಊರಿಗೂ ಹಾಗೆ ನಿಲ್ಲಿಸಲು ಅವು ಅಗ್ಗವಾಗಿರಲೇಬೇಕು. ತಿರುಗಿ ಅದೇ ಲೆಕ್ಕ.

ಈ ಲೆಕ್ಕ ಬಿಡಿಸುವವರು ಯಾರು? ಆಕಾಶ್ ಯೋಜನೆಯ ನಿರ್ದೇಶಕರಾಗಿದ್ದ ಡಾ. ಪ್ರಹ್ಲಾದ ರಾಮರಾವ್ ಬೆಂಗಳೂರಿನವರು. ರಾಜೇಂದ್ರ ರೇಡಾರ್ ರೂಪುಗೊಂಡದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದಲ್ಲಿ. ವಾಯುಪಡೆಗೆ ಆಕಾಶ್ ವ್ಯವಸ್ಥೆ ಕಟ್ಟಿಕೊಟ್ಟದ್ದು 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿಇಎಲ್. ಡ್ರೋನ್‌ಗಳನ್ನೇ ಹಾರಿಸಿ ನೋಡುವ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿದೆ. ಆಕಾಶ್ 1983ರ ಯೋಜನೆ, 1990ರಲ್ಲಿ ಮೊದಲ ಪರೀಕ್ಷೆ, ಸೇನೆಗೆ ವಿಧ್ಯುಕ್ತವಾಗಿ ಸೇರಿದ್ದು 2015ರಲ್ಲಿ. ಮೂವತ್ತು ವರ್ಷ ಯಾರೂ ಚಪ್ಪಾಳೆ ಹೊಡೆಯದ ಕೆಲಸ ಅದು. ಇದೆಲ್ಲ ನಮ್ಮ ರಾಜ್ಯದಲ್ಲೇ ನಡೆದಿದ್ದರೂ ಕಮತಗಿಯ ಪಿಯು ವಿದ್ಯಾರ್ಥಿಗೆ ಅದು ಚಂದ್ರಲೋಕದಷ್ಟು ದೂರ. ನಮ್ಮಲ್ಲಿ ಜಾಣರಾದವರಿಗೆ ನೀಟ್, ಉಳಿದವರಿಗೆ "ಏನರ ಒಂದ್ ಡಿಗ್ರಿ". ಬಿಇಎಲ್‌ನಲ್ಲಿ ಡಿಪ್ಲೊಮಾ, ಐಟಿಐ ಮುಗಿಸಿದವರಿಗೂ ಅಪ್ರೆಂಟಿಸ್ ಅವಕಾಶವಿದೆ ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನೊಂದು ಸಂಕಟ ಪುಸ್ತಕದ್ದು. ರೇಡಿಯೋ ಅಲೆ ಹೇಗೆ ಹೊರಡುತ್ತದೆ, ಹೇಗೆ ತಲುಪುತ್ತದೆ, ನಡುವೆ ಗದ್ದಲ ಸೇರಿದರೆ ಏನಾಗುತ್ತದೆ ಎಂದು ಕಲಿಸುತ್ತಿದ್ದ 'ಸಂವಹನ ವ್ಯವಸ್ಥೆ' ಅಧ್ಯಾಯ ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಈಗ ಇಲ್ಲ. ಎನ್‌ಸಿಇಆರ್‌ಟಿಯವರು ಹೊರೆ ಇಳಿಸುವಾಗ ಅದನ್ನೇ ಇಳಿಸಿದರು. ಡ್ರೋನ್ ನಡೆಸುವುದೂ ಜಾಮ್ ಮಾಡುವುದೂ ನಿಂತಿರುವುದು ಆ ಅಧ್ಯಾಯದ ಮೇಲೆಯೇ. ಪರೀಕ್ಷೆಗೆ ಬರದಿದ್ದರೂ ನಮ್ಮ ಭೌತಶಾಸ್ತ್ರದ ಸರ್ ಶನಿವಾರದ ಕೊನೆಯ ಅವಧಿಯಲ್ಲಿ ನಾಲ್ಕು ವಾರ ಅದನ್ನು ಹೇಳಿಕೊಡಬೇಕೆಂದು ಈ ಮೂಲಕ ಕೇಳುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಹನ್ನೊಂದು ಜನ ಈಗಾಗಲೇ ಕೂರಲು ಒಪ್ಪಿದ್ದೇವೆ. ಹಳೆಯ ಪುಸ್ತಕ ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಕೆಳಗಿನ ಸಾಲಿನಲ್ಲಿದೆ, ಮೂರು ಪ್ರತಿ.

ಪ್ರಾಂಶುಪಾಲರಲ್ಲಿ ಕೇಳುವುದು ಇನ್ನೊಂದಿದೆ. ಈ ವರ್ಷದ ಪ್ರವಾಸ ಜೋಗಕ್ಕೆ ಎಂದು ಮಾತು ನಡೆದಿದೆ. ಹೋಗುವ ದಾರಿಯಲ್ಲಿ ಶಿವಮೊಗ್ಗ ಬರುತ್ತದೆ. ನಗರದ ಬಾವಿಯಲ್ಲಿ ಸಿಕ್ಕ ರಾಕೆಟ್‌ಗಳು ಅಲ್ಲಿನ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಬಸ್ಸನ್ನು ಒಂದು ಗಂಟೆ ಅಲ್ಲಿ ನಿಲ್ಲಿಸಲು ಸಾಧ್ಯವೇ?